ಶೀತಲ್ ಗೋಲು ಕಾಯುವುದನ್ನು ನೋಡಿದೆ

ಕೆಂಟನ್, ಲಂಡನ್
ಭಾನುವಾರ

ಅಕ್ಕಾ, ನಮಸ್ಕಾರ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಬೈಯಬೇಡ. ನಮ್ಮ ತಮ್ಮ ಕರುಣಾಕರನ ಮಗಳು ಶೀತಲ್‌ಗೆ ಐಸಿನಲ್ಲಿ ಕೆಲಸ ಎಂದಾಗ ನಾವಿಬ್ಬರೂ ಮೀನಿನ ಐಸ್ ಪ್ಲಾಂಟ್ ಅಂದುಕೊಂಡಿದ್ದೆವಲ್ಲ? ಅವಳು ಮಂಜುಗಡ್ಡೆಯ ಮೇಲೆ ಆಡುವ 'ಐಸ್ ಹಾಕಿ' ಎಂಬ ಆಟದ ತಂಡದಲ್ಲಿ ಗೋಲ್‌ಕೀಪರ್! ಶಾಲೆಯಿಂದಲೂ ಇದೇ ಆಟವಂತೆ, ಈಗ ಇದಕ್ಕೇ ಸಂಬಳ.

ನಿನ್ನೆ ನನ್ನನ್ನೂ ಕರೆದುಕೊಂಡು ಹೋದರು. ಮೈತುಂಬ ಹಾಸಿಗೆ ಸುತ್ತಿದಂಥ ಕವಚ ತೊಟ್ಟು, ಬಲೆಯ ಮುಂದೆ ಮಂಜುಗಡ್ಡೆಯ ಮೇಲೆ ಬಗ್ಗಿ ನಿಂತಿದ್ದಳು. ಕಲ್ಲಿನಷ್ಟು ಗಟ್ಟಿಯಾದ ಕರಿ ರಬ್ಬರ್ ಬಿಲ್ಲೆಯನ್ನು ಎದುರಾಳಿಗಳು ಕೋಲಿನಿಂದ ಅವಳತ್ತಲೇ ಬೀಸಿ ಹೊಡೆಯುತ್ತಾರೆ. ಒಂದು ಹೊಡೆತ ಸೀದಾ ಮುಖವಾಡಕ್ಕೆ ಬಡಿದು ಅಂಗಾತ ಬಿದ್ದಳು.

"ಅಯ್ಯೋ, ನಮ್ ಹೆಣ್ಣ್ ಹೋಯ್ತಲ್ಲ ಮಾರಾಯಾ!" ಎಂದು ಕಿರುಚಿದೆ.

"ಸುಮ್ನೆ ಕೂಕೋ, ಈಗ ಏಳತ್ತ್" ಎಂದ ಕರುಣಾಕರ.

ಎದ್ದಳು. ಎರಡೂ ಕಾಲು ಸೀಳಿದ ಹಾಗೆ ಅಗಲಿಸಿ ಕೊನೆಯ ಹೊಡೆತವನ್ನೂ ತಡೆದಳು. ಜನವೆಲ್ಲ ಎದ್ದುನಿಂತು ಅವಳ ಹೆಸರು ಕೂಗಿದರು.

ಹೊರಗೆ ಬಂದ ಮೇಲೆ ನೋಡಿದರೆ, ಕಾರು ಹತ್ತಲು ಅವಳಿಗೆ ಕಾಲೇ ಎತ್ತಲಾಗಲಿಲ್ಲ. ಸೊಂಟದ ಕೀಲು ಸವೆದಿದೆಯಂತೆ, ಮೂವತ್ತಕ್ಕೇ! ಕರುಣಾಕರ ಬಗ್ಗಿ, ದಿನವೂ ಮಾಡುವವನಂತೆ, ಅವಳ ಕಾಲುಗಳನ್ನು ಒಂದೊಂದಾಗಿ ಎತ್ತಿ ಒಳಗಿಟ್ಟ.

"ಡಾಕ್ಟ್ರು ಆಟ ಬಿಡೂಕೆ ಹೇಳ್ಲಿಲ್ಯಾ?" ಎಂದೆ.

"ಹೇಳಿದ್ರು ಅತ್ತೆ. ಬಟ್ ನೆಕ್ಸ್ಟ್ ಸ್ಯಾಟರ್ಡೇ ಮ್ಯಾಚ್ ಇದೆ" ಎಂದು ನಕ್ಕಳು.

ನನ್ನ ಬಿ.ಪಿ. ಸರಿಯಿದೆ. ನಿನ್ನ ಮಗ ವಿಶಾಲ್ ಇಲ್ಲಿಗೆ ಬರುವಾಗ ಪಂಡಿತರ ನೋವಿನ ಎಣ್ಣೆ ಕೊಟ್ಟು ಕಳುಹಿಸು. ನಾನು ತಂದದ್ದೆಲ್ಲ ಇವತ್ತು ಅವಳ ಸೊಂಟಕ್ಕೆ ತಿಕ್ಕಿ ಮುಗಿಸಿದೆ.

ತಂಗಿ ಗುಣವತಿ