ಗಂಡ ಉಂಡ ತಾಟು

ಗಂಗಾವತಿ
12-6-2004

ಅತ್ತೆ ಹಂಪವ್ವನವರಿಗೆ ಸೊಸೆ ಅಮೃತಾಳ ನಮಸ್ಕಾರ. ಸಾಷ್ಟಾಂಗ ಎಂದು ಬರೆಯಲು ಈ ಸಲ ಕೈ ಬರಲಿಲ್ಲ.

ನಿಮ್ಮ ಮಗನಿಗೆ ಹೆಪಟೈಟಿಸ್ ಬಿ ಇದೆಯೆಂದು ನನಗೆ ಗೊತ್ತಾದ ದಿನವೇ ಚುಚ್ಚುಮದ್ದು ಹಾಕಿಸಿಕೊಂಡು ಬರುತ್ತೇನೆ ಎಂದೆ. "ಕಟಗೊಂಡ ಗಂಡಗ ಹೇಸ್ತಿಯೇನ? ಅವ ಉಂಡ ತಾಟಿನಾಗ ಉಂಡು ತೋರ್ಸು" ಅಂದಿರಿ. ನಾಲ್ಕು ತಿಂಗಳು ಉಂಡೆ.

ಹೋದ ವಾರ ನಾದಿನಿ ರೇಣುಕಾಳ ಸೀರೆ ತೆಗೆಯಲು ನಿಮ್ಮ ಟ್ರಂಕು ತೆರೆದೆ. ಅಡಿಯಲ್ಲಿ ದವಾಖಾನೆಯ ಎರಡು ಕಾರ್ಡು ಸಿಕ್ಕವು, ಒಂದು ನಿಮ್ಮದು, ಇನ್ನೊಂದು ರೇಣುಕಾಳದು. ಇದೇ ರೋಗದ ಮೂರೂ ಚುಚ್ಚುಮದ್ದು ಇಬ್ಬರಿಗೂ ಆಗಿವೆ. ಮೂರನೆಯದರ ತಾರೀಖು ಮದುವೆಯಲ್ಲಿ ನನ್ನ ತಲೆಯ ಮೇಲೆ ಅಕ್ಕಿಕಾಳು ಬೀಳುವುದಕ್ಕೆ ಹದಿನೈದು ದಿನ ಮೊದಲಿನದು. ಅದಕ್ಕೇ ಹೇಳದೆ ತವರಿಗೆ ಬಂದೆ. ನಿಮ್ಮ ಮಗನಿಗೂ ಆಗಲೇ ಗೊತ್ತಿತ್ತೇ ಎಂದು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ತಾಟಿನಿಂದ ಈ ರೋಗ ಬರುವುದಿಲ್ಲವೆಂದು ಇಲ್ಲಿಯ ಡಾಕ್ಟರು ಹೇಳಿದರು. ರಕ್ತದಿಂದ, ಗಡ್ಡದ ಬ್ಲೇಡಿನಿಂದ, ಗಂಡ ಹೆಂಡತಿ ಕೂಡುವುದರಿಂದ ಬರುತ್ತದಂತೆ. ನನ್ನ ರಕ್ತದಲ್ಲಿ ಸದ್ಯಕ್ಕೆ ಏನೂ ಇಲ್ಲ. ಮೊದಲ ಚುಚ್ಚುಮದ್ದು ನಿನ್ನೆ ಆಯಿತು, ಮೂರೂ ಮುಗಿಯಲು ಆರು ತಿಂಗಳು ಬೇಕು. ಅಲ್ಲಿಯತನಕ ಕರೆಯಲು ಯಾರನ್ನೂ ಕಳಿಸಬೇಡಿರಿ. ಬ್ಲೇಡು, ಬ್ರಷ್ಷು ಬೇರೆ ಇಟ್ಟುಕೊಳ್ಳಲು ನಿಮ್ಮ ಮಗನಿಗೆ ಹೇಳಿರಿ.

ಬಂದ ಮೇಲೆ ಅವರ ತಾಟಿನಲ್ಲೇ ಉಣ್ಣುತ್ತೇನೆ, ಅದಕ್ಕೆ ನಾನು ಎಂದೂ ಹೇಸಿದವಳಲ್ಲ. ಆದರೆ ನೀವು ಬಡಿಸಬೇಡಿರಿ.

ಇಂತಿ,
ಅಮೃತಾ