ಹೆಬ್ಬೆರಳಿನ ಅಳತೆ

ಮೇ 5, ಸೋಮವಾರ. ಬೆಳಿಗ್ಗೆ 9

ಎರಕ ಮುಗಿಯಿತು. ಅರವತ್ತು ಗುಂಡು. ಒಂಬತ್ತರ ಮೈ ಸುಕ್ಕು — ಅಚ್ಚು ಸರಿಯಾಗಿ ಕಾದಿರಲಿಲ್ಲ, ನನಗೇ ಅವಸರ. ಅವು ವಾಪಸ್ ಪಾತ್ರೆಗೆ. ಉಳಿದದ್ದು ಐವತ್ತೊಂದು. ಒಂದು ವಾರ ಮುಟ್ಟಬಾರದು, ಸೀಸ ಗಟ್ಟಿಯಾಗಲಿ. ಆಮೇಲೆ ಅಪ್ಪನ ಇಕ್ಕಳ.

ಇಕ್ಕಳ ಎರಡು. ಅಪ್ಪ ಕಲ್ಲಿದ್ದಲು ಗಣಿ ಬಿಟ್ಟ ವರ್ಷ ಯಾರೋ ಬಳಸಿ ಬಿಟ್ಟಿದ್ದನ್ನು ಕೊಂಡು ತಂದಿದ್ದು. ನನಗಿಂತ ಹಿರಿಯವು. ತೂತಿಗೆ ಗುಂಡು ಇಟ್ಟು ಹಿಡಿ ಅಮುಕಿದರೆ ಆಚೆ ಬೀಳುವಾಗ ಎಲ್ಲಾ ಒಂದೇ ದಪ್ಪ. ಒಂದು ನನ್ನ ಕೋವಿಗೆ. ಇನ್ನೊಂದರ ತೂತು ಕೂದಲೆಳೆಯಷ್ಟು ಸಣ್ಣದು, ಅದು ಪಂದ್ಯದ ಜೊತೆಗಾರ ಅರ್ವೊನ ಕೋವಿಗೆ. ನೋಡಲು ಅವಳಿ ಜವಳಿ. ಸಣ್ಣದರ ಹಿಡಿಗೆ ಅಪ್ಪ ಅರದಿಂದ ಒಂದು ಗೀರು ಹಾಕಿದ್ದ. ನಾನು ಕಣ್ಣಿಂದ ನೋಡುವುದಿಲ್ಲ. ಹೆಬ್ಬೆರಳು ಸವರಿದರೆ ಸಾಕು.

ಗುರಿ ಕ್ಲಬ್ಬಿನಲ್ಲಿ ಅಳತೆ ಮಾಪಕ ಹಿಡಿದು ಬರುವವರನ್ನು ‘ದರ್ಜಿ’ ಅನ್ನುತ್ತಾರೆ. ಆ ಹೆಸರು ಇಟ್ಟವಳು ನಾನೇ.

ಮೇ 7, ಬುಧವಾರ

ಗ್ರೇಟ್ ಫಾಲ್ಸ್‌ಗೆ ಆಸ್ಪತ್ರೆಗೆಂದು ಹೋಗಿ ಬಂದೆ. ರಕ್ತದಲ್ಲಿ ಸೀಸ. ಇರಬೇಕಾದ್ದಕ್ಕಿಂತ ಬಹಳ ಹೆಚ್ಚು. ಡಾಕ್ಟರಮ್ಮನಿಗೆ ಮೂವತ್ತು ಇರಬಹುದು, ಮಾತು ಮಾತ್ರ ಅಜ್ಜಿಯ ಹಾಗೆ. ಬಲಗೈ ಹೆಬ್ಬೆರಳು, ತೋರುಬೆರಳು ಜೋಮು ಹಿಡಿದಿರುವುದು ಅದರಿಂದಲೇ ಇರಬಹುದು, ಬೇರೆ ಕಾರಣವೂ ಇರಬಹುದು ಅಂದಳು. ಏನೇ ಇರಲಿ, ಎರಕ ಇವತ್ತಿಗೇ ನಿಲ್ಲಬೇಕಂತೆ. ಕಣ್ಣು ಮುಚ್ಚಿಸಿ ಬೆರಳಿಗೆ ಸೂಜಿ ಚುಚ್ಚಿ, ‘ಈಗ ಮುಟ್ಟಿದೆನಾ?’ ಎಂದು ಮತ್ತೆ ಮತ್ತೆ ಕೇಳಿದಳು. ಒಂದು ಸಲ ಊಹೆಯ ಮೇಲೆ ಹೌದು ಅಂದೆ. ಆ ಸಲ ಮುಟ್ಟಿರಲಿಲ್ಲವಂತೆ.

ತಿಂಗಳ ಕೊನೆಯ ಗುರಿ ಪಂದ್ಯ ಮುಗಿಯಲಿ, ನಿಲ್ಲಿಸುತ್ತೇನೆ. ಡಾಕ್ಟರಮ್ಮ ಕೊಟ್ಟ ಪತ್ರ ಡ್ರಾಯರ್‌ಗೆ ಹಾಕಿದೆ. ಅರ್ವೊಗೆ ಹೇಳಲಿಲ್ಲ.

ಮೇ 12, ಸೋಮವಾರ. ಮಧ್ಯಾಹ್ನ

ಐವತ್ತೊಂದೂ ಆಯಿತು. ಮೇಣ ಹಚ್ಚಿ, ಅರ್ವೊನ ಸಣ್ಣ ಇಕ್ಕಳಕ್ಕೆ ಇಟ್ಟು, ಅಮುಕಿ, ಟಪ್ ಎಂದು ಡಬ್ಬಕ್ಕೆ. ಮಧ್ಯೆ ಆಸ್ಪತ್ರೆಯಿಂದ ಫೋನ್ — ಮತ್ತೆ ಯಾವಾಗ ಬರುತ್ತೀರಿ ಅಂತ. ಸಿಟ್ಟು ಬಂತು. ಪಂದ್ಯದ ಮುಂದಿನ ವಾರ ಅಂದೆ. ಇಪ್ಪತ್ತೋ ಇಪ್ಪತ್ತೈದೋ ಗುಂಡು ಆಗಿತ್ತು ಆಗ. ಬಂದು ಬೆಂಚಿನಿಂದ ಇಕ್ಕಳ ಎತ್ತಿಕೊಂಡು ಉಳಿದದ್ದನ್ನು ಒಂದೇ ಉಸಿರಿಗೆ ಮುಗಿಸಿದೆ. ಕೈ ಚೆನ್ನಾಗಿಯೇ ಓಡಿತು. ಸೂಜಿ ಚುಚ್ಚುವವಳು ಬಂದು ನೋಡಬೇಕಿತ್ತು.

ಮೇ 17, ಶನಿವಾರ

ಡಬ್ಬಿ ಬದಲಾಯಿಸಿಕೊಂಡೆವು. ಇದು ನಮ್ಮ ಹತ್ತೊಂಬತ್ತನೇ ಜೋಡಿ ಪಂದ್ಯ. ಅವನು ತುಂಬಿದ ಕಾಡತೂಸನ್ನು ನಾನು ಹೊಡೆಯುವುದು, ನಾನು ತುಂಬಿದ್ದನ್ನು ಅವನು. ನಲವತ್ತು ನಲವತ್ತು. ಡಬ್ಬಿಗೆ ಕಾಗದದ ಪಟ್ಟಿ ಅಂಟಿಸಿ ಅದರ ಮೇಲೆ ಸಹಿ. ಬಿಚ್ಚುವುದು ಪಂದ್ಯದ ಗೆರೆಯ ಮೇಲೇ. ಅದಕ್ಕೆ ಮೊದಲು ಬಿಚ್ಚಿ ಅಳೆದರೆ ಜೊತೆಗಾರನ ಮುಖಕ್ಕೆ ಉಗಿದ ಹಾಗೆ.

ಅರ್ವೊ ಏಲಕ್ಕಿ ಬ್ರೆಡ್ ಮಾಡಿದ್ದ. ಹೆಂಡತಿ ಹೋದ ಮೇಲೆ ಕಲಿತದ್ದು, ಇನ್ನೂ ತಳ ಹೊತ್ತಿಸುತ್ತಾನೆ. ಎಡಗಣ್ಣು ಹೋಗಿ ಮೂವತ್ತು ವರ್ಷ — ಹುಲ್ಲಿನ ಹೊರೆ ಬಿಗಿಯುವಾಗ ತಂತಿ ಸಿಡಿದು. ಇರುವ ಒಂದು ಕಣ್ಣಲ್ಲಿ ಇನ್ನೂರು ಗಜದ ಗುರಿ ನನಗಿಂತ ಚೆನ್ನಾಗಿ ಹೊಡೆಯುತ್ತಾನೆ. ಡಬ್ಬಿ ಕೈಗೆ ತೆಗೆದುಕೊಂಡು ಅಲ್ಲಾಡಿಸಿ, ‘ವರ್ನಾ, ನಿನ್ನ ಹೆಬ್ಬೆರಳು ಸುಳ್ಳು ಹೇಳಲ್ಲ’ ಅಂದ. ಪ್ರತಿ ವರ್ಷ ಅನ್ನುವ ಮಾತು.

ಮೇ 19, ಸೋಮವಾರ. ಬೆಳಿಗ್ಗೆ 11

ತಪ್ಪಾಗಿದೆ. ದೊಡ್ಡ ತಪ್ಪು.

ನನ್ನ ಅಭ್ಯಾಸದ ಗುಂಡಿಗೆಂದು ಇಕ್ಕಳ ತೆಗೆಯಲು ಹೋದೆ. ಕಿಟಕಿಯ ಬಿಸಿಲು ನೇರವಾಗಿ ಬೆಂಚಿನ ಮೇಲಿತ್ತು. ಹಾಗಾಗಿ ನೋಡಿದೆ — ಯಾವತ್ತೂ ನೋಡದವಳು. ಎರಡು ಇಕ್ಕಳದ ಬಾಯಿಗೂ ಹೊಸ ಮೇಣ. ಎರಡಕ್ಕೂ. ನನ್ನ ದೊಡ್ಡ ಇಕ್ಕಳವನ್ನು ಈ ತಿಂಗಳು ನಾನು ಮುಟ್ಟಿಯೇ ಇಲ್ಲ.

ಮುಟ್ಟಿದ್ದೇನೆ. ಫೋನ್ ಆದ ಮೇಲೆ. ಹೆಬ್ಬೆರಳು ಸವರಿತು, ಗೀರು ಇದೆ ಅಂತ ಅಂದುಕೊಂಡಿತು. ಡಾಕ್ಟರಮ್ಮನಿಗೆ ಹೌದು ಅಂದ ಅದೇ ಹೆಬ್ಬೆರಳು.

ಉಳಿದ ಹನ್ನೊಂದು ಗುಂಡನ್ನು ಒಂದೊಂದಾಗಿ ಸಣ್ಣ ಇಕ್ಕಳದ ತೂತಿಗೆ ಬೆರಳಿಂದ ತಳ್ಳಿ ನೋಡಿದೆ. ಐದು ನುಸುಳಿ ಹೋದವು. ಆರು ಬಾಯಲ್ಲೇ ನಿಂತವು. ಡಬ್ಬಿಯೊಳಗೂ ಇದೇ ಕಥೆ. ಯಾವುದು ಸರಿ, ಯಾವುದು ದಪ್ಪ — ಹೊರಗಿನಿಂದ ದೇವರಿಗೂ ಗೊತ್ತಾಗದು.

ಅರ್ವೊನದು ತಾತನ ಕಾಲದ ಕೋವಿ. ಕಾಡತೂಸು ಕೂರುವ ಗೂಡು ಬಲು ಬಿಗಿ. ದಪ್ಪ ಗುಂಡಿನದ್ದು ಸುಲಭಕ್ಕೆ ಹೋಗುವುದಿಲ್ಲ, ಆದರೆ ಅವನು ಕೋವಿಯ ಸನ್ನೆಗೋಲು ಅದುಮಿ ಕೂರಿಸುತ್ತಾನೆ — ಅವನ ಸ್ವಭಾವ ಅದು, ಬಾಗಿಲು ಅಂಟಿಕೊಂಡರೆ ಒದೆಯುವವನು. ಆಮೇಲೆ ಗುಂಡು ಸಲೀಸಾಗಿ ಬಿಟ್ಟುಕೊಳ್ಳದೆ ಒತ್ತಡ ಹಿಂದಕ್ಕೆ ನುಗ್ಗುತ್ತದೆ. ಹಿಂದೆ ಇರುವುದು ಅವನ ಮುಖ. ಕ್ಲಬ್ಬಿನ ಲಾಯ್ಡ್‌ನ ಕೋವಿ ಒಡೆದ ದಿನ ನಾನು ಪಕ್ಕದಲ್ಲೇ ಇದ್ದೆ. ಲಾಯ್ಡ್‌ಗೆ ಇನ್ನೊಂದು ಕಣ್ಣಾದರೂ ಉಳಿಯಿತು.

ಮೇ 20, ಮಂಗಳವಾರ

ಹೋದೆ. ಹೇಳಲಿಲ್ಲ.

ಅರ್ವೊ ಬೇಲಿ ರಿಪೇರಿ ಮಾಡುತ್ತಿದ್ದ. ಗೂಟ ಹಿಡಿದುಕೊಂಡೆ. ಈ ಸಲ ಕಪ್ ಗೆದ್ದರೆ ಅದನ್ನು ಯಾರ ಮನೆಯಲ್ಲಿ ಇಡುವುದು ಎಂದು ಜಗಳ ತೆಗೆದ. ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಕಾಫಿ ಬಗ್ಗೆ ಏನೋ ಅಂದೆ.

ಪಂದ್ಯಕ್ಕೆ ಇನ್ನೂ ಆರು ದಿನ ಇದೆ.

ಮೇ 22, ಗುರುವಾರ

ಮತ್ತೆ ಹೋದೆ. ಮತ್ತೆ ಇಲ್ಲ. ಕಾಫಿ ಕೊಟ್ಟು ನನ್ನನ್ನೇ ನೋಡುತ್ತಾ ಕೂತಿದ್ದ ಇವತ್ತು. ಆರೋಗ್ಯವೇ ಎಂದು ಕೇಳಿದ. ಹೌದು ಅಂದೆ.

ಯಾಕೆ ಆಗುತ್ತಿಲ್ಲ? ಹೇಳಿದರೆ ಕೈಯ ವಿಷಯ ಹೇಳಬೇಕು. ಕೈಯ ವಿಷಯ ಹೇಳಿದರೆ ಮುಂದಿನ ವರ್ಷ ಅವನು ಬೇರೆ ಜೊತೆಗಾರನನ್ನು ಹುಡುಕಬೇಕು. ಮೂವತ್ತೊಂದು ವರ್ಷ ಹಿಮದಲ್ಲಿ ಅಂಚೆ ಹಂಚಿದೆ, ಹಂಚಿದವಳ ಹೆಸರು ಯಾರಿಗೂ ನೆನಪಿಲ್ಲ. ಈ ಊರಲ್ಲಿ ನಾನು ಅಂದರೆ ಆ ಹೆಬ್ಬೆರಳು. ಬರೆಯಲು ನಾಚಿಕೆಯಾಗುತ್ತದೆ. ಒಬ್ಬನ ಕಣ್ಣು ತಕ್ಕಡಿಯ ಒಂದು ಕಡೆ, ಇನ್ನೊಂದು ಕಡೆ ಇದು.

ಮೇ 23, ಶುಕ್ರವಾರ. ಸಂಜೆ 5

ದಾರಿ ಸಿಕ್ಕಿತು. ಏಪ್ರಿಲ್‌ನಲ್ಲಿ ಎರೆದ ಗುಂಡು ಇತ್ತು, ಅದೇ ಅಚ್ಚಿನದು. ಬೆಳಿಗ್ಗೆಯಿಂದ ಕೂತು ಸಣ್ಣ ಇಕ್ಕಳದಲ್ಲಿ — ಕಣ್ಣಿಂದ ನೋಡಿ, ಗೀರು ನೋಡಿ, ಮತ್ತೆ ನೋಡಿ — ನಲವತ್ತು ಮಾಡಿದೆ. ಅಂಗಡಿಯಿಂದ ಅಳತೆ ಮಾಪಕ ತಂದು ಪ್ರತಿಯೊಂದನ್ನೂ ಮೂರು ಸಲ ಅಳೆದೆ. ದರ್ಜಿಯಾದೆ. ನಲವತ್ತನ್ನೂ ಕಾಡತೂಸಿಗೆ ಕೂರಿಸಿದೆ. ಹೊಸ ಡಬ್ಬಿ, ಹೊಸ ಪಟ್ಟಿ, ಅದೇ ಸಹಿ.

ನಾಳೆ ಶನಿವಾರ. ನಾಲ್ಕು ಗಂಟೆಗೆ ಅವನ ಸೌನಾ. ಆ ಬಿಸಿ ಕೋಣೆಗೆ ಹೊಕ್ಕರೆ ಮುಕ್ಕಾಲು ಗಂಟೆ ಹೊರಗೆ ಬರುವವನಲ್ಲ. ಬಾಗಿಲಿಗೆ ಬೀಗ ಹಾಕುವ ಅಭ್ಯಾಸವಿಲ್ಲ. ಡಬ್ಬಿ ಅವನ ಬೆಂಚಿನ ಮೇಲಿರುತ್ತದೆ. ಇದನ್ನಿಟ್ಟು ಅದನ್ನು ತರುವುದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಮೇ 24, ಶನಿವಾರ. ಸಂಜೆ 7

ಎಲ್ಲಾ ಬರೆದುಬಿಡುತ್ತೇನೆ. ಇಲ್ಲವಾದರೆ ನಾಳೆ ನನಗೆ ಬೇಕಾದ ಹಾಗೆ ತಿದ್ದಿಕೊಳ್ಳುತ್ತೇನೆ.

ಸೌನಾ ಚಿಮಣಿಯಲ್ಲಿ ಹೊಗೆ. ನಾಯಿ ನನ್ನನ್ನು ನೋಡಿ ಬಾಲ ಆಡಿಸಿ ಮಲಗಿತು. ಹಿಂದಿನ ಬಾಗಿಲಿನಿಂದ ಒಳಗೆ ಹೋದೆ. ಬೆಂಚಿನ ಮೇಲೆ ಡಬ್ಬಿ ಇತ್ತು, ನನ್ನ ಸಹಿಯ ಪಟ್ಟಿ ಮೇಲ್ನೋಟಕ್ಕೆ ಹಾಗೇ ಇತ್ತು. ಎತ್ತಿಕೊಂಡೆ. ಪಕ್ಕದಲ್ಲಿ ಒಂದು ತಟ್ಟೆ. ತಟ್ಟೆಯಲ್ಲಿ ಗುಂಡುಗಳು, ಕಾಡತೂಸಿನಿಂದ ಕಿತ್ತವು. ನನ್ನ ಗುಂಡುಗಳು — ನನ್ನ ಮೇಣದ ಬಣ್ಣ ನನಗೆ ಗೊತ್ತು. ಪಕ್ಕದಲ್ಲಿ ಅಳತೆ ಮಾಪಕ. ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದ ಚೀಟಿ: ಈ ಮೇ, ಹೋದ ವರ್ಷದ ಮೇ, ಅದರ ಹಿಂದಿನ ವರ್ಷದ ಮೇ. ಆಚೆ ವರ್ಷ ದಪ್ಪ ಎರಡು. ಹೋದ ವರ್ಷ ಐದು. ಈ ವರ್ಷ ಇಪ್ಪತ್ತಮೂರು.

ತಿರುಗಿದರೆ ಬಾಗಿಲಲ್ಲಿ ಅರ್ವೊ, ಸೊಂಟಕ್ಕೆ ಟವೆಲು, ಮೈಯೆಲ್ಲಾ ಕೆಂಪು. ನೀರಿನ ಬಕೆಟ್ಟಿಗೆ ಬಂದಿದ್ದನಂತೆ. ನನ್ನ ಒಂದು ಕೈಯಲ್ಲಿ ಅವನ ಡಬ್ಬಿ, ಇನ್ನೊಂದರಲ್ಲಿ ಅದರ ಜೋಡಿ.

ಮೊದಲು ಜಗಳ ತೆಗೆದವಳು ನಾನೇ. ಕಳ್ಳತನಕ್ಕೆ ಬಂದವಳಿಗೆ ಎಷ್ಟು ಧೈರ್ಯ ನೋಡಿ. ಎರಡು ವರ್ಷದಿಂದ ಡಬ್ಬಿ ಬಿಚ್ಚಿದ್ದೀಯ, ನನ್ನ ಮುಖಕ್ಕೆ ಉಗಿದಿದ್ದೀಯ, ಹೋದ ವರ್ಷ ಗೆದ್ದ ಕಪ್ ಕೂಡ ಸುಳ್ಳು ಅಂತ ಕೂಗಾಡಿದೆ. ಅವನು ಕುರ್ಚಿ ಎಳೆದುಕೊಂಡು ಕೂತ. ಕೆಟಲಿನ ಹಬೆ ಹಿಡಿದರೆ ಪಟ್ಟಿ ಹರಿಯದೆ ಬಿಟ್ಟುಕೊಳ್ಳುತ್ತದೆ, ಆಮೇಲೆ ಗೋಂದು ಸಾಕು ಎಂದು ಸಮಾಧಾನವಾಗಿ ವಿವರಿಸಿದ. ಆಚೆ ವರ್ಷ ನನ್ನ ಕೈಯಿಂದ ಕಾಫಿ ಕಪ್ಪು ಜಾರಿ ಬಿದ್ದಿತ್ತಂತೆ. ಬಿದ್ದ ಸದ್ದು ಆಗುವವರೆಗೂ ನನಗೆ ಗೊತ್ತೇ ಆಗಲಿಲ್ಲವಂತೆ. ಆವತ್ತಿನಿಂದ ಅಳೆಯುತ್ತಿದ್ದಾನೆ. ದಪ್ಪ ಇದ್ದದ್ದನ್ನು ಕಿತ್ತು, ತನ್ನ ಯಂತ್ರದಲ್ಲಿ ಸಣ್ಣ ಮಾಡಿ, ಮತ್ತೆ ಕೂರಿಸಿ, ಮತ್ತೆ ಅಂಟಿಸಿ.

“ನನಗ್ಯಾಕೆ ಹೇಳ್ಲಿಲ್ಲ?” ಅಂದೆ.

“ಹೇಳಿದ್ರೆ ನೀನು ನಿಲ್ಲಿಸ್ಬಿಡ್ತಿದ್ದೆ. ನಿಲ್ಲಿಸಿದ್ರೆ ನಿನ್ ಕೈಲಿ ಏನ್ ಉಳೀತಿತ್ತು ಮಾರಾಯ್ತಿ? ನನಗೇನು, ಒಂದು ಸಂಜೆ ಕೆಲಸ.”

ಅಳು ಬಂತು. ಅವನೆದುರು ಅಳದೆ ನಿಂತೆ. ಆಗ ಅವನ ಕಣ್ಣು ನನ್ನ ಕೈಯಲ್ಲಿದ್ದ ಎರಡನೇ ಡಬ್ಬಿಯ ಮೇಲೆ ಬಿತ್ತು. ಅಲ್ಲಿಯವರೆಗೆ ಅದು ಏನೆಂದು ಅವನಿಗೆ ಹೊಳೆದಿರಲಿಲ್ಲ. ನನಗೆ ತಪ್ಪು ಗೊತ್ತಿದೆ ಅಂತಲೂ ಹೊಳೆದಿರಲಿಲ್ಲ. ಪಾಪ, ಕೈಗೆ ತಿಳಿಯುತ್ತಿಲ್ಲ ಅಂತಲೇ ಅಂದುಕೊಂಡಿದ್ದ. ಮುಖ ನಿಧಾನಕ್ಕೆ ಬದಲಾಯಿತು.

“ಯಾವತ್ತು ಗೊತ್ತಾಯ್ತು ನಿನಗೆ?”

“ಸೋಮವಾರ.”

“ಮಂಗಳವಾರ ಬಂದು ಗೂಟ ಹಿಡ್ಕೊಂಡೆ.”

ನಾನು ಹಳೆಯ ಡಬ್ಬಿಯನ್ನು ಬೆಂಚಿನ ಮೇಲಿಟ್ಟೆ.

“ಗುರುವಾರ ಇಲ್ಲೇ ಕೂತು ಕಾಫಿ ಕುಡಿದೆ. ಹುಷಾರಿಲ್ವೇನೋ ಅಂತ ನಾನೇ ಕೇಳ್ದೆ.” ಟವೆಲಿನ ತುದಿಯಿಂದ ಮುಖ ಒರೆಸಿಕೊಂಡ. ಕಣ್ಣನ್ನೂ. “ವರ್ನಾ, ಒಂದೇ ಮಾತು ಕೇಳ್ತೀನಿ. ನಾನು ಇವತ್ತು ಸೌನಾಕ್ಕೆ ಹೋಗ್ದೆ ಅಡುಗೆಮನೇಲೇ ಕೂತಿದ್ದಿದ್ರೆ, ಡಬ್ಬಿ ಬದಲಾಯಿಸೋಕೆ ಆಗ್ದೇ ಹೋಗಿದ್ರೆ, ಸೋಮವಾರ ನಾನು ಗೆರೆ ಮೇಲೆ ನಿಲ್ಲೋಕೆ ಮುಂಚೆ ಹೇಳ್ತಿದ್ಯಾ?”

“ಹೇಳ್ತಿದ್ದೆ,” ಅಂದೆ.

ಅವನು ಕುರ್ಚಿಯಿಂದ ಎದ್ದ. ಆಮೇಲೆ ನನ್ನ ಕೈಯಿಂದ ಹೊಸ ಡಬ್ಬಿ ತೆಗೆದುಕೊಂಡು ಬೆಂಚಿನ ಮೇಲಿಟ್ಟ. ಹಳೆಯದನ್ನು ಪಕ್ಕಕ್ಕೆ ತಳ್ಳಿದ. ಸೋಮವಾರ ಏಳಕ್ಕೆ ಬಂದು ಕರೆದುಕೊಂಡು ಹೋಗುತ್ತೇನೆ ಅಂದ. ಬಕೆಟ್ಟು ಹಿಡಿದುಕೊಂಡು ಹೊರಟುಹೋದ.

ಮೇ 25, ಭಾನುವಾರ

ಮನೆ ಬಿಟ್ಟು ಹೋಗಲಿಲ್ಲ. ಇಕ್ಕಳ ಎರಡನ್ನೂ ಎಣ್ಣೆ ಹಚ್ಚಿ ಬಟ್ಟೆ ಸುತ್ತಿ ಇಟ್ಟೆ. ಡಾಕ್ಟರಮ್ಮನ ಪತ್ರ ತೆಗೆದು ಓದಿದೆ.

ಮೇ 26, ಸೋಮವಾರ. ಬೆಳಿಗ್ಗೆ 6.40

ಅರ್ವೊ ಈಗಷ್ಟೇ ಫೋನ್ ಮಾಡಿದ್ದ. ಹೊರಟಿದ್ದಾನೆ. ಗಾಳಿ ಇಲ್ಲ, ಗುರಿಗೆ ಒಳ್ಳೆಯ ದಿನ ಅಂದ. ಹೊಸ ಡಬ್ಬಿ ಬಿಚ್ಚಿ ನೋಡಿದೆಯಾ ಎಂದು ನಾನೇ ಕೇಳಿದೆ. ಅಳೆದು ನೋಡು, ನನಗೆ ಬೇಸರವಿಲ್ಲ ಅಂದೆ. ಅಂಗಲಾಚಿದೆ ಅಂದರೂ ಸರಿ.

“ಇಲ್ಲ,” ಅಂದ. “ಹೇಳ್ತಿದ್ದೆ ಅಂದ್ಯಲ್ಲ. ನನಗೆ ಅಷ್ಟು ಸಾಕು.”

ಆ ಡಬ್ಬಿಯಲ್ಲಿ ತಪ್ಪಿಲ್ಲ. ಮೂರು ಸಲ ಅಳೆದಿದ್ದೇನೆ, ಅವನ ಕಣ್ಣಿಗೆ ಏನೂ ಆಗುವುದಿಲ್ಲ. ಹೆದರಿಕೆ ಅದರದ್ದಲ್ಲ.

ಗೇಟಿನ ಹತ್ತಿರ ಗಾಡಿ ಸದ್ದು. ಇನ್ನು ಎರಡು ನಿಮಿಷ. ಈ ಪುಸ್ತಕವನ್ನು ಯಾರೂ ಓದುವುದಿಲ್ಲ, ಇಲ್ಲಾದರೂ ನಿಜ ಬರೆಯಬಹುದು. ಅವನು ಶನಿವಾರ ಅಡುಗೆಮನೆಯಲ್ಲೇ ಕೂತಿದ್ದಿದ್ದರೆ, ನಾನು —