ಗೇಟಿನ ಮುಂದಿನ ಟಿಪ್ಪರ್

ಜನವರಿ 6, ಸೋಮವಾರ

ಇವತ್ತೂ ಲ್ಯಾಬಿಗೆ ಲೇಟು. ಗೇಟಿಗೆ ಅಡ್ಡವಾಗಿ ಮತ್ತೆ ಟಿಪ್ಪರ್. ಸ್ಕೂಟಿ ಹೊರಗೆ ತರುವಷ್ಟರಲ್ಲಿ ಕನ್ನಡಿ ತಾಗಿ ಒಡೆಯಿತು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದ ಒಂಬತ್ತು ಜನ ಬೆಂಚಿನ ಮೇಲೆ ಕಾಯುತ್ತಿದ್ದರು. ಒಬ್ಬರಿಗೆ ತಲೆ ಸುತ್ತಿತ್ತು... ಡಾಕ್ಟರ್ ಬೈಯಲಿಲ್ಲ, ಗಡಿಯಾರ ನೋಡಿದರು ಅಷ್ಟೆ.

ಪಕ್ಕದ ಮನೆ ರಘುಪತಿಯ ಹತ್ತಿರ ಮೊದಲು ಒಂದೇ ಟಿಪ್ಪರ್ ಇತ್ತು. ದೀಪಾವಳಿ ಕಳೆದ ಮೇಲೆ ಎರಡನೆಯದು ಬಂತು. ಹತ್ತು ಚಕ್ರದ್ದು. ಅದು ನಿಂತರೆ ನಮ್ಮ ಹಾಲಿನಲ್ಲಿ ಹಗಲೇ ಲೈಟ್ ಹಾಕಬೇಕು. ಬೆಳಿಗ್ಗೆ ಆರಕ್ಕೆ ಸ್ಟಾರ್ಟ್ ಮಾಡಿ ಬಿಟ್ಟರೆ ಅಡುಗೆಮನೆಯ ಲೋಟಗಳೆಲ್ಲ ನಡುಗುತ್ತವೆ.

ಸಂಜೆ ಹೋಗಿ ಕೇಳಿದೆ. ನಕ್ಕ.

"ಎಂತ ಭವ್ಯಕ್ಕ, ನೀವೇ ಹಿಂಗಂದ್ರೆ ಹೆಂಗೆ?"

ನಾನಲ್ಲದೆ ಇನ್ಯಾರು ಹೇಳಬೇಕು? ನನ್ನ ಗೇಟು!

ಮನೆಗೆ ಬಂದು ನಮ್ಮ ಇವರಿಗೆ ಹೇಳಿದೆ. ಸರ್ಕಾರಿ ಹೈಸ್ಕೂಲಿನ ಮೇಷ್ಟ್ರು, ಮಕ್ಕಳ ಪೇಪರ್ ತಿದ್ದುತ್ತಾ ಕೂತಿದ್ದರು. "ಬಿಡೇ, ಪಕ್ಕದ ಮನೆಯವ್ರ ಹತ್ರ ಎಂತಕ್ಕೆ ಜಗಳ?" ತಲೆ ಎತ್ತಲಿಲ್ಲ.

ಜನವರಿ 9, ಗುರುವಾರ

ಪಟ್ಟಣ ಪಂಚಾಯ್ತಿಗೆ ಅರ್ಜಿ ಬರೆದೆ. ಹನ್ನೊಂದು ಮನೆ ತಿರುಗಿದೆ. ಐದೇ ಸಹಿ. ಮೂಲೆಮನೆ ರಾಜಶೇಖರ್ ಎರಡು ಸಲ ಓದಿದರು. "ಇದಕ್ಕೆ ನೀವೂ ಸಹಿ ಹಾಕಿದೀರಾ?" ಎಂದರು. ಮೊದಲ ಸಹಿಯೇ ನನ್ನದು — ತೋರಿಸಿದೆ. ಆದರೂ ಹಾಕಲಿಲ್ಲ. ಕಾಫಿ ಕುಡಿದು ಹೋಗಿ ಎಂದರು.

ಎದುರುಮನೆ ವನಜಮ್ಮ ಮಾತ್ರ ಏನೂ ಕೇಳದೆ ಹಾಕಿದರು.

ಇವರು ಹಾಕಲಿಲ್ಲ. ಸರ್ಕಾರಿ ನೌಕರ ಇಂಥದ್ದಕ್ಕೆಲ್ಲ ಕೈ ಹಾಕಬಾರದಂತೆ. ಇರಬಹುದು.

ಜನವರಿ 18, ಶನಿವಾರ, ಸಂಜೆ 5.30

ವನಜಮ್ಮ ಬಿದ್ದರು.

ಅಂಗಡಿಗೆ ಹೊರಟಿದ್ದರು. ರಸ್ತೆಯ ಅಂಚಿನಲ್ಲಿ ನಡೆಯಲು ಜಾಗವೆಲ್ಲಿ? ಟಿಪ್ಪರ್ ಬಳಸಿಕೊಂಡು ನಡುರಸ್ತೆಗೆ ಬಂದಿದ್ದಾರೆ. ಎದುರಿನಿಂದ ಬೈಕ್. ಅವನಿಗೆ ವನಜಮ್ಮ ಕಂಡಿಲ್ಲ, ವನಜಮ್ಮನಿಗೆ ಅವನು ಕಂಡಿಲ್ಲ. ನಾನು ಜಗಲಿಯಲ್ಲೇ ಇದ್ದೆ. ನನಗೂ ಟಿಪ್ಪರ್ ಮಾತ್ರ ಕಂಡಿತು. ಕೂಗು ಕೇಳಿತು.

ಸೊಂಟದ ಮೂಳೆ ಮುರಿದಿದೆ. ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಅರವತ್ತೆಂಟು ವರ್ಷ. ಆಪರೇಷನ್.

ರಘುಪತಿ ಬಾಗಿಲಲ್ಲಿ ನಿಂತು ಹೇಳಿದ: "ನಿಂತ ಗಾಡಿ ಎಂತ ಮಾಡ್ತದೆ ಮಾರಾಯ್ರೆ? ಬೈಕಿನವನದ್ದೇ ತಪ್ಪು."

ನಂಬರ್ ಪ್ಲೇಟಿನ ಫೋಟೋ ತೆಗೆದೆ. ಇವರು ನನ್ನ ಕೈ ಹಿಡಿದರು. "ಬೇಡ ಭವ್ಯಾ." ಬಿಡಿಸಿಕೊಂಡೆ.

ಜನವರಿ 20, ಸೋಮವಾರ, ಮಧ್ಯಾಹ್ನ

ಸ್ಟೇಷನ್ನಿಗೆ ಹೋಗಿದ್ದೆ. ಹೆಡ್ ಕಾನ್‌ಸ್ಟೇಬಲ್ ಮಹೇಶ್ವರ ಎನ್ನುವವರು ಕಂಪ್ಯೂಟರಿನಲ್ಲಿ ನಂಬರ್ ಹೊಡೆದರು. ನೋಡಿದರು. ನನ್ನನ್ನು ನೋಡಿದರು.

"ಓನರ್ ಯಾರು ಅಂದ್ರಿ?"

"ರಘುಪತಿ. ಪಕ್ಕದ ಮನೆ."

"ನಿಮ್ಮ ಯಜಮಾನ್ರ ಹೆಸರು ಏನಮ್ಮ?"

"ಧರ್ಮೇಶ್."

ಸ್ಕ್ರೀನ್ ನನ್ನ ಕಡೆ ತಿರುಗಿಸಿದರು.

ನನ್ನ ಹೆಸರು. ಇವರ ಹೆಸರು. ನಮ್ಮ ಮನೆಯ ನಂಬರ್. ಬೇರೆ ಭವ್ಯ ಇರಬೇಕು ಎಂದುಕೊಂಡೆ. ಮತ್ತೆ ಓದಿದೆ. ಮತ್ತೆ ಓದಿದೆ.

"ನಿಮ್ಮ ಗಾಡಿ ಮೇಲೆ ನೀವೇ ಕಂಪ್ಲೇಂಟ್ ಕೊಡ್ತೀರಾ?"

ಅವರು ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿ ಇತ್ತು. ಎದ್ದು ಬಂದೆ. ಚಪ್ಪಲಿ ಅಲ್ಲೇ ಬಿಟ್ಟು ಬಂದದ್ದು ರಸ್ತೆಯಲ್ಲಿ ಕಾಲು ಸುಟ್ಟಾಗ ಗೊತ್ತಾಯಿತು.

ಅದೇ ದಿನ, ಸಂಜೆ 6

ಕೇಳಿದೆ. ಸುಳ್ಳು ಹೇಳಲಿಲ್ಲ — ಅದೊಂದು.

ಇವರ ಹೆಸರಿನಲ್ಲಿದ್ದ ಜಯಪುರದ ಸೈಟು ಮಾರಿ ರಘುಪತಿಯ ಜೊತೆ ಪಾಲಿನಲ್ಲಿ ತೆಗೆದುಕೊಂಡದ್ದಂತೆ. "ನನ್ನ ಹೆಸರಲ್ಲಿ ಇಡೋ ಹಂಗಿಲ್ಲ, ಸರ್ವಿಸಿಗೆ ತೊಂದ್ರೆ. ನಿನ್ನ ಹೆಸರಲ್ಲಿದ್ರೆ ನಿಂದೇ ಅಲ್ವಾ?"

ಅಕ್ಟೋಬರಿನಲ್ಲಿ ಇನ್ಶೂರೆನ್ಸ್ ಪೇಪರ್ ಎಂದು ಸಹಿ ಮಾಡಿಸಿದ್ದರು. ಫೋನಿಗೆ ಓಟಿಪಿ ಬಂದಿತ್ತು. ದೋಸೆ ಹೊಯ್ಯುತ್ತಾ ನಾನೇ ಓದಿ ಹೇಳಿದ್ದೆ.

"ನಂಗೆ ಎಂತಕ್ಕೆ ಹೇಳ್ಲಿಲ್ಲ?"

"ಹೇಳಿದ್ರೆ ಬೇಡ ಅಂತಿದ್ದೆ."

ಅನ್ನುತ್ತಿದ್ದೆ. ಹೌದು. ಹದಿನಾಲ್ಕು ವರ್ಷ ಈ ಮನುಷ್ಯನ ಜೊತೆ ಊಟ ಮಾಡಿದ್ದೇನೆ... ವನಜಮ್ಮ ಬಿದ್ದು ಒದ್ದಾಡುವಾಗ ನನ್ನ ಜೊತೆ ನೀರು ತಂದು ಕುಡಿಸಿದರಲ್ಲ, ಆಗಲೂ ಬಾಯಿ ಬಿಡಲಿಲ್ಲ.

"ಇನ್ನು ಸ್ಟೇಷನ್ನಿಗೆ ಹೋಗ್ಬೇಡ" ಎಂದರು. ಆಜ್ಞೆಯಲ್ಲ. ಬೇಡಿಕೊಂಡಂತಿತ್ತು.

ಜನವರಿ 22, ಬುಧವಾರ

ಹೋದೆ. ಒಬ್ಬಳೇ.

"ಓನರ್ ನಾನೇ. ಬರ್ಕೊಳಿ" ಎಂದೆ. ನನಗೆ ತಿಳಿಸದೆ ನನ್ನ ಹೆಸರಿನಲ್ಲಿ ಮಾಡಿದ್ದು, ಗಂಡನ ಪಾಲು, ರಘುಪತಿ ಓಡಿಸುವುದು, ನಿಲ್ಲಿಸುವ ಜಾಗ, ವನಜಮ್ಮ — ಎಲ್ಲ ಹೇಳಿದೆ.

ಮಹೇಶ್ವರ ಪೆನ್ನು ಕೆಳಗಿಟ್ಟರು. "ನೋಟಿಸ್ ನಿಮಗೂ ಬರ್ತದಮ್ಮ. ಮೇಷ್ಟ್ರ ಕೆಲಸಕ್ಕೂ ಕುತ್ತು ಬರಬಹುದು. ಯೋಚನೆ ಮಾಡಿ."

"ಎರಡು ದಿನದಿಂದ ಅದೇ ಮಾಡ್ತಿದೀನಿ."

ಸಹಿ ಹಾಕಿದೆ. ಈ ಸಲ ಪ್ರತಿ ಸಾಲೂ ಓದಿ.

ಸಂಜೆಯೊಳಗೆ ಗಾಡಿ ಸ್ಟೇಷನ್ ಆವರಣಕ್ಕೆ ಹೋಯಿತು. ರಘುಪತಿ ಬಾಗಿಲು ಹಾಕಿಕೊಂಡ. ಇವರು ಊಟಕ್ಕೆ ಏಳಲಿಲ್ಲ.

ಫೆಬ್ರವರಿ 2, ಭಾನುವಾರ, ಸಂಜೆ

ವನಜಮ್ಮ ಆಸ್ಪತ್ರೆಯಿಂದ ಮನೆಗೆ ಬಂದರು, ನೋಡಲು ಹೋದೆ. ಹಾಲಿನಲ್ಲೇ ಮಂಚ. ಮುಖ ಅರ್ಧಕ್ಕೆ ಇಳಿದಿದೆ. ಕೂತು, ಒಂದೇ ಉಸಿರಿಗೆ ಹೇಳಿಬಿಟ್ಟೆ: "ವನಜಮ್ಮ, ಆ ಗಾಡಿ ನನ್ನ ಹೆಸರಲ್ಲಿದೆ."

"ಗೊತ್ತು ಮಾರಾಯ್ತಿ."

"ಗೊತ್ತಾ? ಹೆಂಗೆ?"

"ಬೀದಿಗೆಲ್ಲ ಗೊತ್ತು. ಗಾಡಿ ಪೂಜೆ ದಿನ ನೀನು ಕಡಹಿನಬೈಲಿಗೆ ಅಕ್ಕನ ಮನೆಗೆ ಹೋಗಿದ್ದೆ. ರಘುಪತಿ ಮನೆಮನೆಗೂ ಲಾಡು ಕೊಟ್ಟ, ಭವ್ಯಕ್ಕನ ಗಾಡಿ ಅಂತ. ಕಾಯಿ ಒಡೆದಿದ್ದು ನಿನ್ನ ಗಂಡನೇ."

"ಮತ್ತೆ ನಂಗೆ ಯಾರೂ ಹೇಳ್ಲಿಲ್ಲ!"

"ನಿಂಗೆ ಗೊತ್ತಿಲ್ಲ ಅಂತ ಯಾರಿಗೆ ಗೊತ್ತಿತ್ತು? ನೀನು ಅರ್ಜಿ ಹಿಡ್ಕೊಂಡು ಬಂದಾಗ, ಗಂಡ ಹೆಂಡ್ತಿ ಸೇರಿ ನಾಟಕ ಆಡ್ತಿದಾರೆ ಅಂದ್ಕೊಂಡ್ವಿ."

"ನೀವೂನಾ?"

ಗೋಡೆಯ ಕಡೆ ಮುಖ ತಿರುಗಿಸಿದರು. "ನಾನೂ."

ಹೇಗೋ ಎದ್ದೆ. ಆ ಮನೆಯಿಂದ ನಮ್ಮ ಗೇಟಿಗೆ ಹದಿನೈದು ಹೆಜ್ಜೆ. ರಸ್ತೆ ಖಾಲಿ. ಪ್ರತಿ ಕಿಟಕಿಯಿಂದಲೂ ಯಾರೋ ನೋಡುತ್ತಿದ್ದಾರೆ ಅನ್ನಿಸಿತು.

ಇವರು ಟೀ ಮಾಡಿಟ್ಟಿದ್ದರು. ಕುಡಿಯಲಿಲ್ಲ. ನಿಂತುಕೊಂಡೇ ಕೇಳಿದೆ: "ಇದೊಂದೇನಾ? ಬೇರೆ ಎಂತದಕ್ಕಾದ್ರೂ ನನ್ನ ಸಹಿ ತಗೊಂಡಿದೀರಾ?"

ಎದ್ದು ಬೀರುವಿನ ಹತ್ತಿರ ಹೋದರು. ಮೇಲಿನ ಖಾನೆಯ ಬೀಗ ತೆಗೆದು ಒಂದು ಫೈಲು ತಂದು ನನ್ನ ಮುಂದಿಟ್ಟರು; ಒಂದೊಂದು ಹಾಳೆಯ ಕೆಳಗೂ ನನ್ನ ಸಹಿ.